ಅತ್ತೆಯ ಕಣ್ಣು

ಸಿಂದಗಿಯಲ್ಲಿ ಒಂಬತ್ತನೇ ತರಗತಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ‘ಫ್ಯಾಸಿನೇಟ್’ ಎಂಬ ಕ್ರಿಯಾಪದ ಬಂದಾಗ ಹಲಗೆಯ ಮೇಲೆ ‘ಮನಸ್ಸನ್ನು ಸೆಳೆದು ಹಿಡಿ’ ಎಂದು ಬರೆಯುತ್ತೇನೆ. ನಕ್ಷತ್ರಗಳು ಅವಳನ್ನು ಫ್ಯಾಸಿನೇಟ್ ಮಾಡಿದವು ಎಂದು ಉದಾಹರಣೆ ಕೊಡುತ್ತೇನೆ. ನೋಡಿದವಳು ಸಿಕ್ಕಿಬೀಳುತ್ತಾಳೆ, ನಕ್ಷತ್ರಕ್ಕೇನೂ ಆಗುವುದಿಲ್ಲ. ಪದದ ಮೂಲ ಮಾತ್ರ ಹೇಳುವುದಿಲ್ಲ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಮಾಟ ಮಾಡು, ಕೆಟ್ಟ ದೃಷ್ಟಿ ತಾಗಿಸು ಎಂದು. ಅಲ್ಲಿ ಕೇಡು ನೋಡಿಸಿಕೊಂಡವರಿಗೆ, ತಪ್ಪು ನೋಡಿದವರದು. ಅದನ್ನು ಹೇಳಹೊರಟರೆ ಮೋರಟಗಿಯಲ್ಲಿರುವ ನನ್ನ ಸೋದರತ್ತೆ ಕಣ್ಣೆದುರು ಬರುತ್ತಾಳೆ.

ಅತ್ತೆಗೆ ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ಹೂವಿನ ಹಿಪ್ಪರಗಿಯಿಂದ ಬಂದು ನಮ್ಮ ತವರಿನ ಓಣಿಯಲ್ಲೇ ಇದ್ದಾಳೆ. ಕೂಸು ಕಂಡರೆ ಅವಳ ಕೈಯಲ್ಲಿನ ಕೆಲಸ ನಿಂತುಹೋಗುತ್ತಿತ್ತು. ರೆಪ್ಪೆ ಬಡಿಯದೆ ನೋಡುತ್ತ ಕೂತುಬಿಡುತ್ತಿದ್ದಳು. ಅದೇ ಅವಳಿಗೆ ಮುಳುವಾಯಿತು. ಯಾವ ಕೂಸು ಹಾಲು ಕಕ್ಕಿದರೂ, ರಚ್ಚೆ ಹಿಡಿದರೂ ಅವಳದೇ ಕಣ್ಣು ಅಂದರು.

ನನ್ನ ಮಗಳು ಹುಟ್ಟಿದಾಗ ಬಾಣಂತನಕ್ಕೆ ಅಲ್ಲಿದ್ದೆ. ಅತ್ತೆಯ ಚಪ್ಪಲಿ ಸದ್ದಾದರೆ ಸಾಕು, ಅವ್ವ ಒಳಗಿನಿಂದ ಓಡಿಬರುತ್ತಿದ್ದಳು. “ಆಕಿ ಬಂದ್ಳು, ಕೂಸಿನ ಮಾರಿ ಮ್ಯಾಲ ಸೆರಗ ಹಾಕ!”

ನಾನು ಮೊದಲೇ ಸಿಟ್ಟಿನವಳು. ಹಾಕುವುದಿಲ್ಲ, ಏನು ಮಾಡುತ್ತೀ ಮಾಡು ಎಂದು ಜಗಳಾಡಿದೆ. ಆದರೆ ಅತ್ತೆಯೇ ಹೊಸ್ತಿಲ ಹೊರಗೆ ನಮಗೆ ಬೆನ್ನು ಮಾಡಿ ಕೂತಳು. “ಯಾರಂಗ ಐತಿ ಯವ್ವಾ? ನಿಮ್ಮಪ್ಪನ ಮೂಗ ಬಂದೈತೇನು?” ಎಂದಳು. ನಾನು ಹೇಳುತ್ತ ಹೋದೆ, ಅವಳು ಎದುರಿನ ಗೋಡೆ ನೋಡುತ್ತ ಕೇಳಿದಳು. ಥೂ, ಎಂಥ ಬಾಳು ಅದು!

ಈಗ ಆ ಮಗಳಿಗೇ ಮಗ ಹುಟ್ಟಿದ್ದಾನೆ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು, ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಹೋದ ತಿಂಗಳು ನಾವು ಮೋರಟಗಿಗೆ ಹೋದಾಗ ಅವ್ವ ತಾನೇ ಕೂಸನ್ನು ಒಯ್ದು ಅವಳ ತೊಡೆಯ ಮೇಲೆ ಮಲಗಿಸಿದಳು.

“ಇನ್ನೇನ ಅಂಜಿಕಿ? ಕಣ್ಣ ಕಾಣಂಗಿಲ್ಲಲ್ಲ,” ಅಂದಳು, ಅತ್ತೆಯ ಎದುರಿಗೇ.

ನಾನು ಅವ್ವನನ್ನು ದುರುಗುಟ್ಟಿ ನೋಡಿದೆ. ಅತ್ತೆ ಮಾತ್ರ ನಗುತ್ತ ಕೂಸಿನ ಮೂಗು, ಕಿವಿ ತಡವುತ್ತಿದ್ದಳು. ಓಣಿಯ ಬಾಣಂತಿಯರೂ ಈಗ ಕೆಲಸವಿದ್ದಾಗ ಮಕ್ಕಳನ್ನು ಅವಳ ಹತ್ತಿರವೇ ಬಿಟ್ಟು ಹೋಗುತ್ತಾರಂತೆ.

ಅವ್ವ ಒಳಗೆ ಹೋದ ಮೇಲೆ ನಾನು ಅಂದೆ, “ವಿಜಯಪುರಕ್ಕ ಹೋಗೂಣ ಅತ್ತಿ. ಆಪರೇಶನ್ ಮಾಡಸ್ತೇನಿ. ಎಲ್ಲಾ ಚೊಲೊ ಕಾಣ್ತೈತಿ.”

“ಬ್ಯಾಡ.”

“ಯಾಕ? ಹೆದರಿಕಿ ಏನು?”

ಅತ್ತೆ ಕೂಸನ್ನು ಎದೆಗೊತ್ತಿಕೊಂಡಳು. “ಕಣ್ಣ ಬಂದ್ರ ಕೂಸ ಕೊಡ್ತಾರೇನ ಹುಚ್ಚಿ?”

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಅವಳು ಕೂಸಿನ ಗಲ್ಲ ಸವರಿ ನೋಡಿ, ದನಿ ತಗ್ಗಿಸಿದಳು.

“ಕಾಡಿಗಿ ಬೊಟ್ಟ ಹಚ್ಚೀರಿಲ್ಲೊ? ಇಲ್ಲಾಂದ್ರ ಒಂದ ಹಚ್ಚಿಬಿಡ ಯವ್ವಾ. ನನಗ ಇನ್ನೂ ಬೆಳಕ ಕಾಣ್ತೈತಿ.”