ಎಡಕ್ಕೆ ಹೋಗಲು ಒಂದು ಗುದ್ದು

ಇವತ್ತು ಸಂಜೆ ಇಲ್ಲಿ ಗಲ್ಫಿನ ಊದ್ ಮೇಥಾದ ಮಾಲಿನಲ್ಲಿ ನನ್ನ ಮರ್ಯಾದೆ ಹೋಯಿತು ಸ್ನೇಹಿತರೇ, ಅದೂ ಮಗಳ ಎದುರಿಗೇ.

ಅಲ್ಲಿನ ಗೇಮ್ ಸೆಂಟರಿನ ಮೂಲೆಯಲ್ಲಿ ಒಂದು ಹಳೇ ಮಷಿನ್ ಕಂಡಿತು. ಸಾಲುಸಾಲಾಗಿ ಇಳಿದುಬರುವ ಅನ್ಯಗ್ರಹದವರನ್ನು ಕೆಳಗಿನಿಂದ ಗುಂಡು ಹೊಡೆದು ಉರುಳಿಸುವ ಆಟ. ಹೈಸ್ಕೂಲಿನಲ್ಲಿದ್ದಾಗ ಉಡುಪಿ ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ ದಿನಾ ಆಡುತ್ತಿದ್ದೆ. ಕಾರ್ಡ್ ಸ್ವೈಪ್ ಮಾಡಿ ನಿಂತೆ. ಇಷ್ಟು ವರ್ಷವಾದರೂ ಬೆರಳುಗಳು ಏನನ್ನೂ ಮರೆತಿರಲಿಲ್ಲ.

ಎರಡನೇ ಸುತ್ತಿಗೆ ಅಲ್ಲಿ ಕೆಲಸ ಮಾಡುವವ ಓಡಿಬಂದ. “ಸರ್, ಮಷಿನ್ ಕೋ ಲಾತ್ ಕ್ಯೋಂ ಮಾರ್ ರಹೇ ಹೋ?”

ನಾನು ಒದೆಯುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಉಡುಪಿಯ ಮಷಿನ್ನಿನ ಹಿಡಿ ಎಡಕ್ಕೆ ಹೋಗಬೇಕಾದರೆ ಮೊಣಕಾಲಿನಿಂದ ಒಂದು ಗುದ್ದು ಕೊಡಲೇಬೇಕಿತ್ತು. ನಾನು ಕಲಿತದ್ದೇ ಹಾಗೆ.

“ಅಪ್ಪಾ, ಪ್ಲೀಸ್ ಸ್ಟಾಪ್. ಎವ್ರಿವನ್ ಈಸ್ ಲುಕಿಂಗ್,” ಎಂದಳು ಮಗಳು.

ನೋಡುತ್ತಿದ್ದವರಲ್ಲಿ ನನ್ನದೇ ವಯಸ್ಸಿನ, ಬೋಳುತಲೆಯ ಒಬ್ಬರು ಹತ್ತಿರ ಬಂದರು. “ನೀವು ಉಡುಪಿ ಬಸ್‌ಸ್ಟ್ಯಾಂಡಿನ ಹಿಂದೆ ಆಡ್ತಾ ಇದ್ದವರಲ್ವಾ?”

“ಹೌದು ಮಾರಾಯ್ರೆ. ನಿಮಗೆ ಹೇಗೆ ಗೊತ್ತಾಯ್ತು?”

ಅವರು ನನ್ನನ್ನು ಮೆಲ್ಲಗೆ ಸರಿಸಿ ಹಿಡಿಗೆ ಕೈ ಹಾಕಿದರು. ಎಡಕ್ಕೆ ತಿರುಗಿಸಿದ ಕೂಡಲೇ ಅವರ ಮೊಣಕಾಲೂ ಮಷಿನ್ನಿಗೆ ಬಡಿಯಿತು.

“ಖಲಾಸ್ ಸರ್, ದೋನೋ ಬಾಹರ್,” ಎಂದು ಆ ಕೆಲಸದವ ನಮ್ಮಿಬ್ಬರಿಗೂ ಹೊರಗಿನ ದಾರಿ ತೋರಿಸಿದ.

ಮಗಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಗಡಿಬಿಡಿಯಲ್ಲಿ ಆ ಮನುಷ್ಯನ ಹೆಸರು ಕೇಳುವುದೇ ಮರೆತುಹೋಯಿತು. ಪರವಾಗಿಲ್ಲ, ಮೊಣಕಾಲು ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ.