ದೇವರಿಲ್ಲದ ಊರಿಗೆ ಹೊರಟ ಫಕ್ಕೀರವ್ವ

ಬ್ಯಾಡಗಿಯ ಫಕ್ಕೀರವ್ವ ಊರು ಕಂಡವಳಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಪ್ಪತ್ತು ದಾಟಿದ ಆಕೆ ಹುಬ್ಬಳ್ಳಿಗೆ ಹೋಗಿದ್ದಾಳೆ, ಗಂಡನನ್ನು ದೊಡ್ಡ ದವಾಖಾನೆಗೆ ಸೇರಿಸಲು. ದಾವಣಗೆರೆಗೆ ಹೋಗಿದ್ದಾಳೆ, ಮಗಳ ಬಾಣಂತನಕ್ಕೆ. ಗದಗಿಗೂ ಹೋಗಿದ್ದಾಳೆ, ಅಣ್ಣನ ಮಣ್ಣಿಗೆ. ಆದರೆ ಕೆಲಸವಿಲ್ಲದೆ, ಸುಮ್ಮನೆ ಒಂದು ಊರಿಗೆ ಹೋಗಿ, ಕುಳಿತು ಚಹಾ ಕುಡಿದು ಬಂದವಳಲ್ಲ. ಅದೊಂದು ಆಕೆಗೆ ಬೇಕಿತ್ತು. ಹೇಳಿಕೊಳ್ಳಲು ನಾಚಿಕೆಯಾಗಿ ಇಷ್ಟು ವರ್ಷ ನುಂಗಿಕೊಂಡಿದ್ದಳು.

ಸಣ್ಣ ಹುಡುಗಿಯಾಗಿದ್ದಾಗ ಮೆಣಸಿನಕಾಯಿ ತೊಟ್ಟು ಬಿಡಿಸಲು ಕುಳಿತವಳು ಮೊನ್ನೆ ಮೊನ್ನೆಯವರೆಗೂ ಕುಳಿತೇ ಇದ್ದಳು. ಆ ಕೈಯಲ್ಲಿ ಮಕ್ಕಳ ಮುಖ ಮುಟ್ಟುವ ಹಾಗಿರಲಿಲ್ಲ, ಎಷ್ಟು ತೊಳೆದರೂ ಉರಿ ಹೋಗುತ್ತಿರಲಿಲ್ಲ. ಮೊಮ್ಮಗಳು ಶ್ವೇತಾ ಕೂಸಾಗಿದ್ದಾಗ ಬೆರಳು ತಾಗದಂತೆ ಮೊಣಕೈಯಲ್ಲೇ ತಬ್ಬಿ ಎತ್ತಿಕೊಳ್ಳುತ್ತಿದ್ದಳು. ಆ ಕೂಸಿಗೆ ಈಗ ಇಪ್ಪತ್ತೈದು. ಅಪ್ಪ ಶಂಭುಲಿಂಗ ಹಾವೇರಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರೂ ಮಗಳು ಅಜ್ಜಿಯನ್ನು ಬಿಟ್ಟು ಹೋದವಳಲ್ಲ. ಬ್ಯಾಡಗಿಯಿಂದಲೇ ದಿನಾ ಬಸ್ಸು ಹತ್ತಿ ರಾಣೆಬೆನ್ನೂರಿನ ಒಂದು ದವಾಖಾನೆಗೆ ರಕ್ತಪರೀಕ್ಷೆಯ ಕೆಲಸಕ್ಕೆ ಹೋಗುತ್ತಿದ್ದಳು. ಮದುವೆಯೂ ನಿಶ್ಚಯವಾಗಿತ್ತು. ಹುಡುಗ ಮೈಲೇಶ, ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ನೌಕರ. ಮಾಘದಲ್ಲಿ ಅಕ್ಕಿಕಾಳು, ಅಂದರೆ ಲಗ್ನ.

ಒಂದು ಸಂಜೆ ಶ್ವೇತಾ ರೊಟ್ಟಿ ಮುರಿಯುತ್ತ ಕೇಳಿದಳು.

“ಅಜ್ಜಿ, ಲಗ್ನ ಆದ್ರ ನಾ ನಿನ್ನ ಕೈಗೆ ಸಿಗಂಗಿಲ್ಲ. ಅದಕ್ಕೂ ಮೊದಲ ನಾವಿಬ್ರ ಎಲ್ಲಿಗರೆ ಹೋಗೂಣು. ಟೂರಿನವರ ಜೋಡಿ ಅಲ್ಲ, ನಮ್ಮಷ್ಟಕ್ಕ ನಾವು. ಧರ್ಮಸ್ಥಳಕ್ಕ ಹೋಗೂಣೇನು?”

“ಬ್ಯಾಡವಾ. ದೇವರಿಲ್ಲದ ಊರಿಗೆ ಕರಕೊಂಡು ಹೋಗು. ದೇವರ ಮುಂದ ನಿಂತರ ಮನಿಮಂದಿ ಎಲ್ಲಾರ ಸಲುವಾಗಿ ಬೇಡ್ಕೋಬೇಕು. ಅದೂ ಒಂದು ದಗದ, ಒಂದು ಕೆಲಸಾನ ಅಲ್ಲೇನು?”

ಶ್ವೇತಾ ನಕ್ಕು ಬಿದ್ದಳು. ಅವತ್ತಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಹಾವೇರಿಯಿಂದ ರೈಲಿಗೆ ಮೈಸೂರು, ಅಲ್ಲಿಂದ ಬಸ್ಸಿಗೆ ಊಟಿ, ಊಟಿಯಿಂದ ಗುಡ್ಡ ಇಳಿಯುವ ಪುಟ್ಟ ರೈಲು, ಕಡೆಗೆ ಕೊಚ್ಚಿ. ಅಜ್ಜಿಗೆ ಕೆಳಗಿನ ಬರ್ತು ಬೇಕು, ನೆಲಮಹಡಿಯ ರೂಮು ಬೇಕು. ಶ್ವೇತಾ ಲಾಡ್ಜುಗಳಿಗೆ ಫೋನು ಹಚ್ಚಿ ಕುಕ್ಕರುಗಾಲಲ್ಲಿ ಕೂಡುವ ಪಾಯಖಾನೆ ಉಂಟೇ ಎಂದು ಸಂಕೋಚವಿಲ್ಲದೆ ಕೇಳಿದಳು. ಅಜ್ಜಿಗೊಂದು ಜೊತೆ ಬೂಟು ಬಂತು. ಅದನ್ನು ಹಾಕಿಕೊಂಡು ಫಕ್ಕೀರವ್ವ ಹಿತ್ತಲಲ್ಲಿ ಬಾಗಿಲು ಮುಚ್ಚಿಕೊಂಡು ನಡೆದು ರೂಢಿ ಮಾಡಿಕೊಂಡಳು.

“ಕೊಚ್ಚಿ ಒಳಗ ದ್ವಾಣಿ ಮುಳುಗಿದ್ರ?” ಎಂದಳು ಒಮ್ಮೆ.

“ನಾ ಇದ್ದೇನಲ್ಲ.”

“ನಿನಗೆಲ್ಲಿ ಈಸು ಬರತೈತಿ?”

“ಹಂಗಾರ ಇಬ್ರೂ ಕೂಡೇ ಮುಳುಗೂಣು ತಗೋ.”

ಶ್ವೇತಾ ಇಟ್ಟ ಕರಾರು ಒಂದೇ, ಯಾರಿಗೂ ಹೇಳಬಾರದು. ರೈಲು ಹತ್ತಿದ ಮೇಲೆ ಅಪ್ಪನಿಗೆ ಫೋನು ಮಾಡಿದರಾಯಿತು. ಅಜ್ಜಿ ಹೂಂ ಅಂದಳು. ಮನಸ್ಸಿನಿಂದಲೇ ಅಂದಳು. ಆದರೆ ಆಕೆಯ ಕಡೆಯವರಲ್ಲಿ ದೂರದ ಪಯಣ ಹೊರಟವರು ತವರಿನ ಹಿರಿಯರ ಮುಂದೆ ನಿಂತು ‘ಹೋಗಿ ಬರ್ತೇನಿ’ ಅನ್ನದೆ ಊರ ಸೀಮೆ ದಾಟುವುದಿಲ್ಲ. ಹೇಳದೆ ಹೋಗುವುದು ಸತ್ತವರು ಮಾತ್ರ ಎಂದು ಆಕೆಯ ತಾಯಿ ಅನ್ನುತ್ತಿದ್ದಳು. ತವರಿನ ಹಿರಿಯರೆಂದು ಈಗ ಉಳಿದವಳು ಕರ್ಜಗಿಯ ಅಕ್ಕ ಭರಮವ್ವ ಒಬ್ಬಳೇ. ಹೊರಡಲು ಒಂದು ವಾರ ಇರುವಾಗ ಫಕ್ಕೀರವ್ವನಿಗೆ ನಿದ್ದೆ ಬರದಾಯಿತು. ಮೊಮ್ಮಗಳನ್ನು ಕರೆದುಕೊಂಡು ಹೇಳದೆ ಹೋಗಿ ಏನಾದರೂ ಆದರೆ? ಶ್ವೇತಾ ಕೆಲಸಕ್ಕೆ ಹೋದ ಮೇಲೆ ಕರ್ಜಗಿಯ ಬಸ್ಸು ಹತ್ತಿದಳು.

ಭರಮವ್ವ ತಂಗಿಯ ತಲೆ ನೇವರಿಸಿ, ಗಲ್ಲ ಮುಟ್ಟಿ ಅತ್ತಳು. ದಾರಿಯ ರೊಟ್ಟಿಗೆಂದು ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಯಾರ ಮುಂದೆಯೂ ಅನ್ನುವುದಿಲ್ಲ ಎಂದು ಆಣೆ ಮಾಡಿದಳು. ತಂಗಿ ಬಸ್ಸು ಹತ್ತುವ ಹೊತ್ತಿಗೆ ಸಂಭ್ರಮ ತಡೆಯಲಾರದೆ ಸೊಸೆಯ ಮುಂದೆ ಅಂದಳು. ಹಿರೇಮನುಷ್ಯಳನ್ನು ಬೈದು ಏನು ಪ್ರಯೋಜನ? ಸಂಜೆಗೆ ಸುದ್ದಿ ಹಾವೇರಿಯ ಅಂಗಡಿ ಕಟ್ಟೆಗೆ ಬಂದು ಕುಳಿತಿತ್ತು.

ಮಾರನೆಯ ಬೆಳಿಗ್ಗೆ ಶಂಭುಲಿಂಗ ಬಂದ. ಸಿಟ್ಟು ಮಾಡಿದ್ದರೆ ತಾಯಿ ಎದುರು ಮಾತಾಡುತ್ತಿದ್ದಳೇನೋ. ಅವನು ಕಣ್ಣಲ್ಲಿ ನೀರು ತಂದ.

“ಯವ್ವಾ, ನಿನಗ ಊರು ನೋಡು ಆಸೆ ಐತಿ ಅಂತ ಒಂದ ಮಾತು ಅಂದಿದ್ರ ನಾ ಒಲ್ಲೆ ಅಂತಿದ್ನೇನು? ಹಡದ ಮಗ ನಾ ಸತ್ತೇನೇನು?”

ಅಷ್ಟೇ. ಎರಡು ದಿನದಲ್ಲಿ ಬಾಡಿಗೆ ಟೆಂಪೋ ಗೊತ್ತಾಯಿತು. ಪಂಢರಪುರ, ತುಳಜಾಪುರ, ಕೊಲ್ಲಾಪುರ. ಅತ್ತೆ, ಮಾವ, ಚಿಗವ್ವ ಎಂದು ಮಂದಿ ತುಂಬಿತು. ಹೊಸ ಬೀಗರನ್ನು ಬಿಟ್ಟರೆ ಏನಂದುಕೊಂಡಾರು ಎಂದು ಮೈಲೇಶನ ತಾಯಿ ಶೇಖವ್ವನನ್ನೂ ಕರೆದರು, ಆಕೆ ಬಂದಳು. ಬೀಗತಿ ಬಂದ ಮೇಲೆ ಶ್ವೇತಾಳ ಜಾಗ ತಾನಾಗಿಯೇ ಹೋಯಿತು. ನಿಶ್ಚಯವಾದ ಹುಡುಗಿ ಅಕ್ಕಿಕಾಳಿಗೆ ಮೊದಲೇ ಅತ್ತೆಯ ಜೊತೆ ಊರೂರು ತಿರುಗುವುದು ರೀತಿಯಲ್ಲ. ಯಾರೂ ಆಕೆಗೆ ಬರಬೇಡ ಅನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ.

ಶ್ವೇತಾ ಟಿಕೆಟ್ಟು ರದ್ದು ಮಾಡಿದಳು. “ಯಾರಿಗೂ ಹೇಳಬ್ಯಾಡ ಅಂದಿದ್ದೆ ಅಜ್ಜಿ,” ಎಂದಳು ಒಮ್ಮೆ ಮಾತ್ರ. ಫಕ್ಕೀರವ್ವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಟೆಂಪೋದಲ್ಲಿ ಸಿಲಿಂಡರು, ಒಲೆ, ಹಿಟ್ಟಿನ ಚೀಲ ಎಲ್ಲ ಇದ್ದವು. ಹೆಣ್ಣಿನ ಕಡೆಯವರು ಬೀಗರ ಎದುರು ಕಾಲು ಚಾಚಿ ಕೂಡುವುದುಂಟೇ? ಪಂಢರಪುರದಲ್ಲಿ ಫಕ್ಕೀರವ್ವ ರೊಟ್ಟಿ ಬಡಿದಳು, ತುಳಜಾಪುರದಲ್ಲಿ ಉಪ್ಪಿಟ್ಟು ಮಾಡಿದಳು. ಕೂಡ್ರವ್ವಾ ಎಂದು ಎಲ್ಲರೂ ಬಾಯಿತುಂಬ ಅನ್ನುವವರೇ, ಒಬ್ಬರೂ ಸೌಟು ಕಸಿದುಕೊಳ್ಳಲಿಲ್ಲ. ದೇವರ ಮುಂದೆ ನಿಂತಾಗ ಎಲ್ಲರ ಹೆಸರು ಹಿಡಿದು ಬೇಡಿಕೊಂಡದ್ದೂ ಆಯಿತು.

ಕೊಲ್ಲಾಪುರದಲ್ಲಿ ಮಂದಿಯೆಲ್ಲ ಗುಡಿಯ ಸಾಲಿಗೆ ಹೋದಾಗ ಆಕೆ ಕಾಲು ನೋವೆಂದು ಧರ್ಮಶಾಲೆಯಲ್ಲಿ ಉಳಿದಳು. ಅನ್ನಕ್ಕೆ ಇಡುವ ಮೊದಲು ಸೆರಗು ಹೊದ್ದು ಬೀದಿಗಿಳಿದಳು. ಎದುರಿಗೆ ಚಹಾದಂಗಡಿ. ಬೆಂಚಿನ ಮೇಲೆ ಕುಳಿತು ಒಂದು ಬೆರಳೆತ್ತಿದಳು. ಚಹಾ ಬಂತು. ಕೆಲಸವಿಲ್ಲದ ಊರು, ಗುರುತಿಲ್ಲದ ಜನ, ಕೈಯಲ್ಲಿ ಬಿಸಿ ಲೋಟ. ಬಯಸಿದ್ದೆಲ್ಲ ಬಂದಿತ್ತು, ಪಕ್ಕದಲ್ಲಿ ಕೂಡಬೇಕಾದವಳು ಮಾತ್ರ ಇರಲಿಲ್ಲ. ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಸೊಂಟದ ಚೀಲದಿಂದ ಫೋನು ತೆಗೆದು ಒತ್ತಿದಳು.

“ಅಜ್ಜಿ, ಆರಾಮದೀ ಏನು? ಏನ ಮಾಡಾಕತ್ತೀದಿ?” ಶ್ವೇತಾ ಕೇಳಿದಳು.

“ಚಾ ಕುಡ್ಯಾಕತ್ತೇನವಾ. ಸುಮ್ನ ಕುಂತು.”

“ಹೆಂಗೈತಿ?”

ಫಕ್ಕೀರವ್ವನಿಗೆ ಅಳು ಒತ್ತರಿಸಿ ಬಂತು. ಬೀದಿಯ ಮಂದಿ ನೋಡುತ್ತಾರೆಂಬ ಎಚ್ಚರವೂ ಉಳಿಯಲಿಲ್ಲ.

“ಶ್ವೇತಾ, ಲಗ್ನ ಆದ ಮ್ಯಾಲ ನಿನಗ ಎಲ್ಲಿಗರೆ ಹೋಗಬೇಕು ಅನಿಸಿದ್ರ ಹೋಗಿಬಿಡು. ಯಾರ ಮುಂದೂ ಅನಬ್ಯಾಡ. ನನ್ನ ಮುಂದೂ ಅನಬ್ಯಾಡ.”

ಧರ್ಮಶಾಲೆಯ ಬಾಗಿಲಲ್ಲಿ ಶಂಭುಲಿಂಗ ನಿಂತು, ಯವ್ವಾ, ಬೀಗರು ಬಂದ್ರು ಎಂದು ಕೂಗುತ್ತಿದ್ದ. ಬಂದೆನಪ್ಪಾ ಎಂದು ಫಕ್ಕೀರವ್ವ ಎದ್ದಳು.