ಹಳಿ ತುಂಡು ಬಾರಿಸಿದರೆ ಓಡುತ್ತಿದ್ದ ಹುಡುಗಿ

ನಮ್ಮ ಹಿತ್ತಲ ಗೋಡೆಯ ಆಚೆಗೇ ಸಾಲೆ. ಆ ವರ್ಷ ಸಾಲೆಯ ಗಂಟೆ ಬಾರಿಸುವ ಹೊತ್ತಾಯಿತೆಂದರೆ ನನ್ನ ಜೀವ ಒಂದು ಕಡೆ ನಿಲ್ಲುತ್ತಿರಲಿಲ್ಲ. ಕೈ ರೊಟ್ಟಿ ಬಡಿಯುತ್ತಿದ್ದರೂ ಕಿವಿ ಅತ್ತ ಕಡೆಗೇ. ಗಂಟೆ ಅಂದರೆ ಬೇವಿನ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡು. ಅದಕ್ಕೆ ಸುತ್ತಿಗೆಯ ಪೆಟ್ಟು ಬಿದ್ದರೆ ಸಾಕು, ಒಬ್ಬ ಹುಡುಗಿ ಸಾಲೆಯಿಂದ ಓಡಿಬಂದು ನಮ್ಮ ಗೋಡೆಯ ಮರೆಗೆ ಬೋರಲು ಬೀಳುತ್ತಿದ್ದಳು. ಕೈಗೆ ಸಿಕ್ಕ ಸಣ್ಣ ಮಕ್ಕಳನ್ನೂ ರಟ್ಟೆ ಹಿಡಿದು ಎಳೆದು ತರುತ್ತಿದ್ದಳು.

ಮುನಿರಾಬಾದಿನ ಹತ್ತಿರ ಹೊಳೆಗೆ ಕಟ್ಟೆ ಕಟ್ಟುವ ಕೆಲಸ ಆಗ ಸುರುವಾಗಿತ್ತು. ಕಲ್ಲು ಒಡೆಯಲು ತೆಲುಗು ಸೀಮೆಯಿಂದ ಬಂದವರು ನಮ್ಮೂರ ಹೊರಗೆ ಗುಡಿಸಲು ಹಾಕಿದ್ದರು. ಅವರಲ್ಲಿ ಒಬ್ಬ ತಾಯಿ ಮಾತ್ರ ಮಗಳನ್ನು ಸಾಲೆಗೆ ತಂದು ಬಿಟ್ಟಿದ್ದಳು. ಅವಳೇ ಈ ಹುಡುಗಿ. ಅವಳಿಗೆ ಕನ್ನಡ ಬಾರದು. ನಿಜಾಮರ ಸರಕಾರದ ಸಾಲೆ, ಹಾಗಾಗಿ ಶುಕ್ರವಾರ ರಜೆ, ದಿನವೂ ಉರ್ದು ಪಾಠ. ಉರ್ದು ನಮ್ಮೂರ ಮಕ್ಕಳಿಗೂ ಬಾರದು, ಹಾಗಾಗಿ ಆ ಪಾಠದ ಹೊತ್ತಿನಲ್ಲಾದರೂ ಎಲ್ಲರೂ ಸಮ. ಇಂಥದ್ದಕ್ಕೂ ದೇವರಿಗೊಮ್ಮೆ ಕೈಮುಗಿಯುವವಳು ನಾನು.

ಮಾಸ್ತರರು ವಯಸ್ಸಾದವರು, ಸಿಟ್ಟಿನವರು. ಒಂದು ದಿನ ಗೋಡೆಯ ಹತ್ತಿರವೇ ಬಂದು ನಿಂತರು.

"ತಂಗೆವ್ವಾ, ಇದು ಸಾಲಿ ಕಲಿಯೂ ಕೂಸಲ್ಲ. ತಾನೂ ಓಡತೈತಿ, ಉಳದವನ್ನೂ ಓಡಸತೈತಿ. ಇನ್ನೊಮ್ಮೆ ಓಡಿದ್ರ ಹೆಸರು ಹೊಡದು ಹಾಕ್ತೀನಿ ನೋಡು."

ಹುಡುಗಿಯ ಕೈಗೊಂದು ಬೆಲ್ಲದ ಚೂರು ಕೊಟ್ಟು ಯಾಕೆ ಓಡುತ್ತೀ ಎಂದು ಕೇಳಿದೆ. ಆಕಾಶದ ಕಡೆ ಬೊಟ್ಟು ಮಾಡಿ, "ಬಂಡ, ಬಂಡ" ಎಂದಳು. ಬಂಡೆ ಎನ್ನುತ್ತಿದ್ದಾಳೆ ಎಂದಷ್ಟೇ ತಿಳಿಯಿತು. ಸಂಜೆ ಕೆಲಸದಿಂದ ಮರಳುತ್ತಿದ್ದ ತಾಯಿಯನ್ನು ದಾರಿಯಲ್ಲಿ ನಿಲ್ಲಿಸಿದೆ. ಮಗಳಿಗಿಂತ ಅವಳಿಗೆ ನಾಲ್ಕು ಮಾತು ಹೆಚ್ಚು ಬರುತ್ತಿತ್ತು.

"ನಮ್ಮ ಕೆಲಸದಾಗ ಬಂಡೆಗೆ ಮದ್ದು ತುಂಬ್ತಾರು ಅಮ್ಮಾ. ಬೆಂಕಿ ಇಡೋ ಮುಂದ ಕಬ್ಬಿಣ ಬಾರಸ್ತಾರು. ಅದು ಕೇಳಿದ್ರೆ ಓಡಬೇಕು, ಸಣ್ಣೋರನ್ನ ಎಳ್ಕೊಂಡು ಓಡಬೇಕು. ನಾನೇ ಕಲ್ಸೀನಿ."

ಅಯ್ಯೋ ಶಿವನೇ, ಇಷ್ಟೇನಾ ಅನ್ನಿಸಿತು. ಮರುದಿನ ಬೆಳಿಗ್ಗೆ ತಾಯಿ ಮಗಳನ್ನು ಕರೆತಂದಾಗ ಮಾಸ್ತರರಿಗೆ ಎಲ್ಲ ತಿಳಿಸಿದೆ. ಅವರ ಮುಖ ಸಡಿಲಾಯಿತು.

"ಹಂಗಾದ್ರ ಸಲೀಸಾತು. ಗಂಟಿ ಹೊಡದಾಗೆಲ್ಲ ಕೈ ಹಿಡದು ಕುಂದ್ರಸೂಣು. ನಾಕ ದಿನದಾಗ ರೂಢಿ ಆಕ್ಕೈತಿ."

ನನಗೂ ಅದೇ ಸರಿ ಕಂಡಿತು. ಆದರೆ ತಾಯಿ ಮಗಳ ಕೈಯಿಂದ ಬರೆಯುವ ಪಾಟಿ ಇಸಿದುಕೊಂಡು ಮಾಸ್ತರರ ಮುಂದೆ ಇಟ್ಟಳು.

"ಬ್ಯಾಡ ಸಾಮಿ. ಕಬ್ಬಿಣ ಕೇಳಿ ಇಲ್ಲಿ ಕೂತಿರೋದು ಕಲಿತ್ರೆ ಬಂಡೆ ಹತ್ರಾನೂ ಕೂತೇ ಇರ್ತಾಳೆ. ಅಕ್ಷರ ಇಲ್ದಿದ್ರೂ ನಡೀತದೆ. ನನಗೆ ಕೂಸು ಬೇಕು."

ಮಗಳ ಕೈಹಿಡಿದು ಹೊರಟೇಬಿಟ್ಟಳು.

ಅಂದು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಾಗಲಿಲ್ಲ. ಒಳಗೆ ಹೋದೆ, ಹೊರಗೆ ಬಂದೆ, ದೇವರ ಮುಂದೆ ಕೂತರೂ ಮನಸ್ಸು ಕೂರಲಿಲ್ಲ. ಎತ್ತಿಗೆ ಮೇವು ಹಾಕಲು ಹೋದಾಗ ಗೂಟದ ಮೇಲಿನ ಗೆಜ್ಜೆಸರ ಕಣ್ಣಿಗೆ ಬಿತ್ತು. ಅದನ್ನು ಕೈಗೆತ್ತಿಕೊಂಡು ಹೊರಟಾಗ ಅತ್ತೆ ಪಡಸಾಲೆಯಿಂದಲೇ ಕೂಗಿದರು:

"ಎತ್ತಿನ ಕೊಳ್ಳಾಗಿಂದು ಎಲ್ಲಿಗೆ ಒಯ್ತೀಯೇ?"

"ಸಾಲಿಗೆ ಅತ್ತಿ. ಮಾಸ್ತರ್ರಿಗೆ ಬೇಕಾಗೈತಿ."

"ಅವರ ಕೊಳ್ಳಿಗೆ ಕಟ್ಟತೀಯೇನು? ಭಾಳ ಛಲೋ ಕಾಣತಾರ ಬಿಡು!"

ಸಾಲೆಗೆ ಹೋಗಿ, ಹಳಿಯ ಬದಲು ಇದನ್ನು ಬಾರಿಸಿರಿ ಎಂದಾಗ ಮಾಸ್ತರರಿಗೂ ನಗು ಬಂತು, ಆದರೆ ಕೈಗೆ ತೆಗೆದುಕೊಳ್ಳಲಿಲ್ಲ. "ತಪಾಸಣಿ ಸಾಹೇಬ್ರು ಬಂದ್ರ, ಇದೇನು ಸಾಲಿನೋ ದನದ ಕೊಟಗಿನೋ ಅಂತಾರ."

"ಕೊಟಗ್ಯಾಗ ಯಾವ ಕರುವಿನ ಹೆಸರೂ ಹೊಡದು ಹಾಕೂದಿಲ್ರಿ ಮಾಸ್ತರ್ರ."

ಅವರು ಕೈಚಾಚಿ ಸರ ಇಸಿದುಕೊಂಡರು. ನಾನು ಅಲ್ಲಿಂದ ನೇರ ಗುಡಿಸಲಿಗೆ ಹೋಗಿ, ಇನ್ನು ಸಾಲೆಯಲ್ಲಿ ಕಬ್ಬಿಣ ಬಾರಿಸುವುದಿಲ್ಲವೆಂದು ತಾಯಿಗೆ ಹೇಳಿದೆ. ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ.

"ಶುಕ್ರವಾರದ ತನಕ ಕಳಿಸ್ತೀನಿ ಅಮ್ಮಾ. ಆವತ್ತು ಸಾಲೆ ಸೂಟಿ, ನನ್ನ ಸಂಗಡ ಕೆಲಸಕ್ಕೆ ಬರ್ತಾಳೆ. ಅಲ್ಲಿ ಕಬ್ಬಿಣ ಕೇಳಿ ಓಡಿದ್ರೆ ಶನಿವಾರ ಮತ್ತೆ ಕಳಿಸ್ತೀನಿ. ಓಡದಿದ್ರೆ ಇಲ್ಲ."

ಮರುದಿನ ಮಾಸ್ತರರು ಗೆಜ್ಜೆಸರ ಅಲ್ಲಾಡಿಸಿದರು. "ಕಾರಹುಣ್ಣಿಮಿ ಬಂತಲೇ!" ಎಂದು ಒಬ್ಬ ಅರಚಿದ. ಇನ್ನೊಬ್ಬ ಎತ್ತಿನಂತೆ ಗುಟುರು ಹಾಕಿದ. ಹುಡುಗಿ ಏಳಲಿಲ್ಲ. ಎಲ್ಲರ ಜೊತೆ ತಾನೂ ನಕ್ಕಳು.

ಶುಕ್ರವಾರ ದೂರದಲ್ಲಿ ಮದ್ದು ಹಾರಿದ ಸಪ್ಪಳ ಕೇಳಿದಾಗೆಲ್ಲ ನನ್ನ ಕೈಯ ಕೆಲಸ ನಿಲ್ಲುತ್ತಿತ್ತು. ಶನಿವಾರ ಸಾಲೆಯ ಗೆಜ್ಜೆ ಕೇಳಿಸಿತು, ಹುಡುಗಿ ಬಂದಿರಲಿಲ್ಲ. ಹಂಚಿನ ಮೇಲೆ ರೊಟ್ಟಿ ಬಿಟ್ಟು, ಒರಳಿನ ಮೇಲೆ ಹತ್ತಿ ದಾರಿ ನೋಡಿದೆ. ಕಡೆಗೆ ಇಬ್ಬರೂ ಬರುವುದು ಕಂಡಿತು. ತಾಯಿ ಸ್ವಲ್ಪ ಕುಂಟುತ್ತಿದ್ದಳು.

"ಅಮ್ಮಾ, ನಾ ಓಡೀನಿ!" ಹುಡುಗಿ ದೂರದಿಂದಲೇ ನಮ್ಮ ಕನ್ನಡದಲ್ಲಿ ಕೂಗಿದಳು. "ಎಲ್ಲಾರಕಿಂತ ಮದಲ!"

"ನನ್ನನ್ನೂ ಎಳೆದು ಬೀಳಿಸಿದ್ಳು" ಎಂದು ತಾಯಿ ಸೀರೆ ಸರಿಸಿ ತರಚಿದ ಮೊಣಕಾಲು ತೋರಿಸಿದಳು. ನಗುತ್ತಲೇ ಮಗಳನ್ನು ಸಾಲೆಯ ಬಾಗಿಲೊಳಗೆ ನೂಕಿದಳು.

ಒಳಗೆ ಬಂದರೆ ರೊಟ್ಟಿ ಕರಿಕಾಗಿತ್ತು. "ಇದನ್ನ ಯಾರು ತಿನ್ನವರು?" ಎಂದರು ಅತ್ತೆ. ನಾನೇ ತಿಂದೆ. ತಿನ್ನುವಾಗ ಶಿವನಿಗೆ ಕೈಮುಗಿದೆ, ಮತ್ತೆ ಮುಂದಿನ ಶುಕ್ರವಾರದ ಚಿಂತೆಯೂ ಆಗಲೇ ಸುರುವಾಯಿತು.